ಕಾಂಬಿನೇಶನ್ ಬರೆಯುವ ಮುನ್ನ: ಪದವಿ ಪ್ರವೇಶದ ನಾಲ್ಕು ಪತ್ರಗಳು

ಪಿಯುಸಿ ಫಲಿತಾಂಶದ ನಂತರ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಎ, ಬಿಎಸ್ಸಿ ಪ್ರವೇಶದ ಕುರಿತಾಗಿವೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದವನು ನಾನು. 19 ವರ್ಷ ಪ್ರವೇಶ ಸಮಿತಿಯ ಮೇಜಿನ ಹಿಂದೆಯೂ ಕೂತಿದ್ದೇನೆ. ಆ ಮೇಜಿನ ಮೇಲೆ ಏನೇನು ನಡೆಯುತ್ತದೆ ಎಂದು ಬಲ್ಲೆ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

*ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡು ಪಿಯುಸಿಯಲ್ಲಿ ಶೇ 56 ಬಂದಿದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರ್ ಆಗಬೇಕೆಂಬ ಆಸೆ. ಅಪ್ಪ, ‘ಸೈನ್ಸ್ ಕಷ್ಟ, ಬಿಎ ಸೇರು, ಬೇಕಾದರೆ ಆಮೇಲೆ ಬದಲಾಯಿಸಿಕೊಳ್ಳಬಹುದು’ ಎನ್ನುತ್ತಾರೆ. ಹಾಗೆ ಆಗುತ್ತದೆಯೇ? ಪದವಿ ಈಗ ಮೂರು ವರ್ಷವೋ ನಾಲ್ಕು ವರ್ಷವೋ?*
— ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಮಗಳೇ, ಸೈನ್ಸ್ ಓದಿದವಳು ಬಿಎಗೆ ಸೇರಬಹುದು, ಅದಕ್ಕೆ ಯಾರದೂ ಅಡ್ಡಿಯಿಲ್ಲ. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದು ಓದಿದ್ದರೂ ಬಿಎಗೆ ಅರ್ಹತೆ ಇದೆ. ಆದರೆ ಅಲ್ಲಿಂದ ವಾಪಸ್ ಬರುವ ದಾರಿ ಇಲ್ಲ. ಬಿಎ ಒಂದು ವರ್ಷ ಓದಿ ಬಿಎಸ್ಸಿಗೆ ಬರಬೇಕೆಂದರೆ ಮತ್ತೆ ಮೊದಲನೇ ಸೆಮಿಸ್ಟರಿನಿಂದಲೇ ಶುರು ಮಾಡಬೇಕು. ಅಪ್ಪನಿಗೆ ಇದನ್ನು ಓದಿ ಹೇಳು. ಅವರ ಮಾತಿನಲ್ಲಿ ನಿನ್ನ ಮೇಲಿನ ಕಾಳಜಿ ಇದೆ, ಆ ‘ಆಮೇಲೆ’ ಎಂಬುದೊಂದು ಮಾತ್ರ ಸರಿಯಿಲ್ಲ.

ವರ್ಷದ ಗೊಂದಲ ನಿನ್ನೊಬ್ಬಳದಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ನಮ್ಮ ರಾಜ್ಯಕ್ಕೆ ಬಂತು. 2024-25ರಿಂದ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಹಿಂದಿನ ಹಾಗೆ ಮೂರು ವರ್ಷ, ಆರು ಸೆಮಿಸ್ಟರ್ ಮಾಡಿದೆ. ನೀನು ಸೇರುವುದು ಮೂರು ವರ್ಷದ ಪದವಿಗೆ. ನಿಮ್ಮ ಅಕ್ಕನೋ ಅಣ್ಣನೋ 2022ರಲ್ಲಿ ಸೇರಿದ್ದರೆ ಅವರ ಪಠ್ಯಕ್ರಮ ಬೇರೆ, ಅವರನ್ನು ಕೇಳಿಕೊಂಡು ವಿಷಯ ಆರಿಸಬೇಡ.

ಇನ್ನು ಕಾಂಬಿನೇಶನ್, ಅಂದರೆ ಪದವಿಯಲ್ಲಿ ಓದುವ ವಿಷಯಗಳ ಗುಂಪು. ನನ್ನ ಮಟ್ಟಿಗೆ ಪ್ರವೇಶವೆಂದರೆ ಇದೇ. ಶೇ 56 ಸಾಲದೇನೋ ಎಂದು ಹೆದರಿದ್ದೀಯ. ಬಹುಪಾಲು ಸರ್ಕಾರಿ ಕಾಲೇಜುಗಳ ಬಿಎಸ್ಸಿಗೆ ಆ ಅಂಕ ಧಾರಾಳವಾಗಿ ಸಾಕು. ಅಂಕದ ಕಾರಣಕ್ಕೆ ಬಾಗಿಲು ಮುಚ್ಚಿದ್ದನ್ನು ನಾನು ಕಂಡದ್ದು ಕಡಿಮೆ, ಕಾಂಬಿನೇಶನ್ ಕಾರಣಕ್ಕೆ ಮುಚ್ಚಿದ್ದನ್ನು ಕಂಡದ್ದು ಹೆಚ್ಚು. ಒಂದು ವರ್ಷ ನಿನ್ನಂಥದೇ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಅರ್ಜಿ, ಕಾಂಬಿನೇಶನ್ ಕಾಲಂ ಖಾಲಿ. ಸಾಲಿನಲ್ಲಿ ಎಂಬತ್ತು ಜನ ನಿಂತಿದ್ದರು. ‘ಸರ್, ಯಾವುದು ಬರೆಯಲಿ?’ ಎಂದಳು. ‘ಸಿಬಿಝಡ್ ಸೀಟು ಉಳಿದಿದೆ, ಬರಿ’ ಎಂದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಗುಂಪು ಅದು, ಗಣಿತ ಇಲ್ಲ. ಮೂರು ವರ್ಷ ಚೆನ್ನಾಗಿಯೇ ಓದಿದಳು. ಕೊನೆಯ ವರ್ಷ ನನ್ನ ಕೊಠಡಿಗೆ ಬಂದು, ‘ನನಗೆ ಗಣಿತ ಇಷ್ಟ, ಎಂಎಸ್ಸಿ ಗಣಿತ ಮಾಡಬೇಕು’ ಎಂದಳು. ಪದವಿಯಲ್ಲಿ ಗಣಿತ ಓದದವರಿಗೆ ಎಂಎಸ್ಸಿ ಗಣಿತಕ್ಕೆ ಅರ್ಹತೆಯೇ ಇಲ್ಲ. ಬಿಎಡ್‌ನಲ್ಲಿ ಗಣಿತ ಬೋಧನಾ ವಿಷಯವಾಗಿ ಸಿಗಬೇಕಾದರೂ ಪದವಿಯಲ್ಲಿ ಗಣಿತ ಇರಬೇಕು. ‘ನೀವೇ ಬರೆ ಅಂದಿರಿ ಸರ್’ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಮರುವರ್ಷದಿಂದ ‘ಮುಂದೆ ಏನಾಗಬೇಕು ಅಂತಿದ್ದೀಯ?’ ಎಂದು ಕೇಳದೆ ಯಾರ ಅರ್ಜಿಗೂ ನಾನು ಸಹಿ ಹಾಕಲಿಲ್ಲ.

ಆದ್ದರಿಂದ ನಿನ್ನ ಲೆಕ್ಕವನ್ನು ಹಿಂದಿನಿಂದ ಹಾಕು. ಹೈಸ್ಕೂಲ್ ಗಣಿತ ಶಿಕ್ಷಕಿ ಆಗಬೇಕೆಂದರೆ ಬಿಎಡ್ ಬೇಕು. ಬಿಎಡ್‌ಗೆ ಪದವಿಯಲ್ಲಿ ಶೇ 50 ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45. ಅದಕ್ಕೆ ತಳಹದಿಯಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ಬಿಎಸ್ಸಿ. ಹತ್ತಿರದ ಕಾಲೇಜಿನಲ್ಲಿ ಪಿಸಿಎಂ ಇಲ್ಲದಿದ್ದರೆ ಇರುವ ಕಾಲೇಜಿಗೆ ಹೋಗು, ಬಸ್ಸಿನಲ್ಲಿ ಒಂದು ಗಂಟೆ ಹೆಚ್ಚಾದರೂ ಸರಿಯೇ. ಸೀಟು ಉಳಿದಿದೆ ಎಂಬ ಕಾರಣಕ್ಕೆ ಯಾರು ಏನು ಹೇಳಿದರೂ ಬರೆಯಬೇಡ.

*ನನಗೆ 41 ವರ್ಷ. ಅಂಗನವಾಡಿ ಕಾರ್ಯಕರ್ತೆ. 2001ರಲ್ಲಿ ಪಿಯುಸಿ ಪಾಸಾಗಿ ಮದುವೆಯಾಯಿತು. ಈಗ ಬಿಎ ಮಾಡಬೇಕೆಂದಿದ್ದೇನೆ. ವಯಸ್ಸು ಮೀರಿದೆಯೇ? ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ.*
— ಓದುಗರು, ಚಿತ್ರದುರ್ಗ ಜಿಲ್ಲೆ

ತಂಗಿ, ಬಿಎ ಓದಲು ವಯಸ್ಸಿನ ಮಿತಿ ಇಲ್ಲ. ಇಪ್ಪತ್ತೈದು ವರ್ಷ ಹಳೆಯದಾದರೂ ನಿಮ್ಮ ಪಿಯುಸಿ ಅಂಕಪಟ್ಟಿಗೆ ಇವತ್ತಿಗೂ ಅದೇ ಬೆಲೆ ಇದೆ.

ಕೆಲಸ ಬಿಟ್ಟು ದಿನಾ ಕಾಲೇಜಿಗೆ ಹೋಗುವುದು ನಿಮಗೆ ಆಗದ ಮಾತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಶುರುವಾದದ್ದು ನಿಮ್ಮಂಥವರಿಗಾಗಿಯೇ. ಅಲ್ಲಿ ಕನ್ನಡ ಮಾಧ್ಯಮದಲ್ಲೇ ಬಿಎ ಓದಬಹುದು. ಜುಲೈ, ಜನವರಿ ಎಂದು ವರ್ಷಕ್ಕೆ ಎರಡು ಆವೃತ್ತಿಯಲ್ಲಿ ಪ್ರವೇಶ ಕೊಡುತ್ತಾರೆ, ಹಾಗಾಗಿ ಈ ಸಲ ತಪ್ಪಿದರೂ ಪೂರಾ ವರ್ಷ ಕಾಯಬೇಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇರುವ ದೂರಶಿಕ್ಷಣದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾವ ಸಂಸ್ಥೆಗೆ ಸೇರುವುದಿದ್ದರೂ, ಈ ವರ್ಷದ ಮಾನ್ಯತೆಯ ಪಟ್ಟಿಯಲ್ಲಿ ಅದರ ಹೆಸರು, ನೀವು ಸೇರುವ ಕೋರ್ಸಿನ ಹೆಸರು ಎರಡೂ ಇವೆಯೇ ಎಂದು ನೋಡಿಯೇ ಹಣ ಕಟ್ಟಿ. ‘ಒಂದೇ ವರ್ಷದಲ್ಲಿ ಡಿಗ್ರಿ’ ಎಂದು ಕರೆಯುವವರ ಹತ್ತಿರವೂ ಸುಳಿಯಬೇಡಿ. ಅಂಥ ಕಾಗದ ಹಿಡಿದು ಬಂದು ನನ್ನೆದುರು ಅತ್ತವರಿದ್ದಾರೆ.

ಹೆಸರಿನ ವಿಷಯಕ್ಕೆ ಮೊದಲು ಗಮನ ಕೊಡಿ. ಈಗ ದೂರಶಿಕ್ಷಣಕ್ಕೆ ಸೇರುವವರು ಎಬಿಸಿ ಐಡಿ (ಓದಿನ ಕ್ರೆಡಿಟ್ ದಾಖಲಿಸುವ ಖಾತೆಯ ಸಂಖ್ಯೆ), ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ಸಂಖ್ಯೆ) ಎಂಬ ಎರಡನ್ನು ಮಾಡಿಸಿಕೊಳ್ಳಬೇಕು. ಇವು ಆಧಾರ್ ಜೊತೆ ಹೊಂದಿಕೊಂಡಿರುತ್ತವೆ. ಪದವಿ ಪ್ರಮಾಣಪತ್ರದಲ್ಲಿ ಬರಬೇಕಾದದ್ದು ಮಾತ್ರ ಎಸ್ಸೆಸ್ಸೆಲ್ಸಿಯ ಹೆಸರು. ಅಂಕಪಟ್ಟಿ ತಿದ್ದಿಸಲು ಓಡಾಡಬೇಡಿ. ಆಧಾರ್ ಕೇಂದ್ರಕ್ಕೆ ಹೋಗಿ ಆಧಾರ್ ಹೆಸರನ್ನೇ ಅಂಕಪಟ್ಟಿಯ ಹಾಗೆ ಮಾಡಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಇನಿಷಿಯಲ್ ಮುಂದೋ ಹಿಂದೋ ಎಂಬುದನ್ನು ಅಕ್ಷರ ಅಕ್ಷರ ನೋಡಿ ಬರೆಸಿ. ಬ್ಯಾಂಕ್ ಖಾತೆ, ಗೌರವಧನದ ದಾಖಲೆಗಳಲ್ಲಿ ಹೆಸರು ಹೇಗಿದೆ ಎಂಬುದನ್ನೂ ಅದೇ ವಾರ ವಿಚಾರಿಸಿಕೊಳ್ಳಿ.

*ಸಿಬಿಎಸ್‌ಇಯಲ್ಲಿ ಹನ್ನೆರಡನೇ ತರಗತಿ ಮುಗಿಸಿದ್ದೇನೆ. ಕಲಬುರಗಿ ಕಡೆಯವನು. ಬಿಎಸ್ಸಿಗೆ ಸೇರಲು ಬೇರೆ ದಾಖಲೆ ಬೇಕೇ?*
— ವಿದ್ಯಾರ್ಥಿ

ಬೇಕು. ಬೇರೆ ಮಂಡಳಿಯಿಂದ ಬರುವವರು ಟಿಸಿ ಜೊತೆಗೆ ಮೈಗ್ರೇಷನ್ ಸರ್ಟಿಫಿಕೇಟ್ ಕೊಡಬೇಕು. ಇನ್ನೊಂದು, ನೀನು ಕಲ್ಯಾಣ ಕರ್ನಾಟಕದವನಾದರೆ ಆ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಪಡೆದಿಟ್ಟುಕೋ. ಮುಂದೆ ಸ್ನಾತಕೋತ್ತರ ಸೀಟಿಗೂ ಸರ್ಕಾರಿ ನೌಕರಿಗೂ ಅದೇ ಬೇಕಾಗುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ನಿನಗೆ ಹತ್ತಿರ, ಆದರೆ ಅಲ್ಲಿಗೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದಿರಬೇಕು. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

*ಮಗ ಪಿಯುಸಿ ಕಲಾ ವಿಭಾಗ, ಪರೀಕ್ಷೆ-3ರಲ್ಲಿ ಪಾಸಾದ. ಇಲ್ಲಿನ ಕಾಲೇಜಿನಲ್ಲಿ ತರಗತಿ ಶುರುವಾಗಿಬಿಟ್ಟಿದೆ. ಹಳೆ ಕಾಲೇಜಿನವರು ಬಾಕಿ ಕಟ್ಟದೆ ಟಿಸಿ ಕೊಡುವುದಿಲ್ಲ ಎನ್ನುತ್ತಾರೆ. ಈ ವರ್ಷ ಹೋದಂತೆಯೇ?*
— ಒಬ್ಬ ತಾಯಿ

ಅಮ್ಮಾ, ಹೋಗಿಲ್ಲ. ತಡವಾಗಿ ಪಾಸಾದವರಿಗಾಗಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪ್ರವೇಶದ ದಿನಾಂಕ ಮುಂದೂಡುತ್ತವೆ, ದಂಡ ಶುಲ್ಕ ಕಟ್ಟಿಸಿಕೊಂಡೂ ಸೇರಿಸಿಕೊಳ್ಳುತ್ತವೆ. ಪರೀಕ್ಷೆ-3ರಲ್ಲಿ ಪಾಸಾದವನು, ಪರೀಕ್ಷೆ-1ರಲ್ಲಿ ಪಾಸಾದವನು ಇಬ್ಬರ ಅರ್ಹತೆಯೂ ಒಂದೇ.

1977ರಲ್ಲಿ ಪ್ರಯೋಗಾಲಯದ ಬಾಕಿ ಶುಲ್ಕಕ್ಕಾಗಿ ನನ್ನ ಟಿಸಿಯನ್ನು ನಾನು ಓದಿದ ಕಾಲೇಜು ತಡೆಹಿಡಿದಿತ್ತು. ಅಪ್ಪ ಹಣ ಹೊಂದಿಸುವಷ್ಟರಲ್ಲಿ ಪ್ರವೇಶ ಮುಗಿದು ನನ್ನ ಒಂದು ವರ್ಷ ಹೋಯಿತು. ಕೇಳುವುದು ಹೇಗೆಂದು ನಮಗೆ ಯಾರೂ ಹೇಳಿಕೊಡಲಿಲ್ಲ. ನೀವು ಕೇಳಿ. ಪದವಿ ಕಾಲೇಜಿನ ಪ್ರಾಂಶುಪಾಲರನ್ನು ಕಂಡು, ಟಿಸಿಯನ್ನು ಇಂಥ ದಿನದೊಳಗೆ ತಂದುಕೊಡುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಟ್ಟು ತಾತ್ಕಾಲಿಕ ಪ್ರವೇಶ ಕೇಳಿ. ನಾನೇ ಎಷ್ಟೋ ಮಕ್ಕಳನ್ನು ಹಾಗೆ ಸೇರಿಸಿಕೊಂಡಿದ್ದೇನೆ. ಹಳೆ ಕಾಲೇಜಿಗೆ ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇವೆಂದು ಅರ್ಜಿ ಬರೆಯಿರಿ, ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿ ನಿಮ್ಮ ಬಳಿ ಇರಲಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತನ್ನಿ. ಮೂಲ ದಾಖಲೆಗಳನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತಂದಿಟ್ಟುಕೊಂಡಿರಿ, ಅದರ ಮೇಲಿರುವ ಆರ್‌ಡಿ ಸಂಖ್ಯೆ ಇಲ್ಲದೆ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗದು.

ಪತ್ರಿಕೆ ಬರುವವರೆಗೆ ನೀವು ಕಾಯುವ ಹಾಗಿಲ್ಲವೆಂದು ಈ ಉತ್ತರವನ್ನು ಅಂಚೆಯಲ್ಲೂ ಕಳಿಸಿದ್ದೇನೆ. ಕಾಲೇಜಿಗೆ ಹೋಗುವಾಗ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ. ಅರ್ಜಿಗೆ ಅವನದೇ ಸಹಿ ಬೇಕು.