ಸಂಪಾದಕರ ಉತ್ತರ: ಒಗ್ಗಿಕೊಂಡದ್ದು ಯಾರು?

ಕಡೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರ: "ಕಳೆದ ಸಂಚಿಕೆಯಲ್ಲಿ ಸ್ಟ್ಯಾನ್ಲಿ ಫಾಲ್ಕೋ ಎಂಬ ಅಮೆರಿಕದ ವಿಜ್ಞಾನಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅವರಿಗೂ ನಮಗೂ ಏನು ಸಂಬಂಧ? ಚಿತ್ರದ ಕೆಳಗೆ 'ದೇಹ ಆಂಟಿಬಯೋಟಿಕ್‌ಗೆ ಒಗ್ಗಿಹೋಗುತ್ತದೆ' ಎಂದಿದೆ. ನಾನು ವರ್ಷಕ್ಕೊಂದು ಮಾತ್ರೆಯನ್ನೂ ನುಂಗುವವನಲ್ಲ. ಅಂದಮೇಲೆ ನನಗೆ ಭಯವಿಲ್ಲ ತಾನೆ? ಮುಂದಿನ ಸಲವಾದರೂ ನಮ್ಮ ಕಡೆಯವರ ಬಗ್ಗೆ ಬರೆಯಿರಿ."

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಆ ಅಡಿಬರಹ ಲೇಖಕರದ್ದಲ್ಲ, ನನ್ನದು. ಪುಟ ಮುದ್ರಣಕ್ಕೆ ಹೋಗುವ ರಾತ್ರಿ ಚಿತ್ರದ ಕೆಳಗೆ ಜಾಗ ಖಾಲಿಯಿತ್ತು, ಕೈಗೆ ಬಂದದ್ದನ್ನು ಬರೆದು ತುಂಬಿಸಿದೆ. ಒಗ್ಗಿಕೊಳ್ಳುವುದು ದೇಹವಲ್ಲ, ಬ್ಯಾಕ್ಟೀರಿಯಾ. ತಪ್ಪು ಒಂದೇ ಪದದ್ದು, ಆದರೆ ನಿಮ್ಮ ಧೈರ್ಯವೆಲ್ಲ ಅದರ ಮೇಲೇ ನಿಂತಿದೆ. ಹಾಗಾಗಿ ತುಸು ವಿವರವಾಗಿಯೇ ಹೇಳುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಆಮಶಂಕೆಗೆ ಸಲ್ಫಾ ಮಾತ್ರೆ ಕೊಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅದು ನಾಟದಾಯಿತು. 1955ರಲ್ಲಿ ಹಾಂಗ್‌ಕಾಂಗ್‌ನಿಂದ ಮರಳಿದ ರೋಗಿಯೊಬ್ಬರಲ್ಲಿ ಸಿಕ್ಕ, ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಈ ನಾಲ್ಕು ಮದ್ದಿಗೂ ಜಗ್ಗಲಿಲ್ಲ. ಒಂದರ ಹಿಂದೆ ಒಂದರಂತೆ ಕಲಿಯಬೇಕಾದ ನಾಲ್ಕು ವಿದ್ಯೆ ಒಟ್ಟಿಗೇ ಬಂದದ್ದು ಹೇಗೆ? 1959ರಲ್ಲಿ ಜಪಾನಿನ ವಿಜ್ಞಾನಿಗಳಾದ ಓಚಿಯೈ ಮತ್ತು ಅಕಿಬಾ ಉತ್ತರ ಕೊಟ್ಟರು. ಮದ್ದಿಗೆ ಜಗ್ಗದ ಈ ನಿರೋಧಶಕ್ತಿಯಿರುವ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾವನ್ನು ಶಿಗೆಲ್ಲಾ ಜೊತೆ ಬೆರೆಸಿಟ್ಟರೆ ಸಾಕು, ಆ ಶಕ್ತಿ ಶಿಗೆಲ್ಲಾಗೂ ದಾಟುತ್ತಿತ್ತು.

ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ. ಕೊಟ್ಟವರ ಮೊಸರು ಕೊಟ್ಟವರಲ್ಲೇ ಉಳಿಯುತ್ತದೆ, ತೆಗೆದುಕೊಂಡವರ ಮನೆಯಲ್ಲೂ ಮೊಸರಾಗುತ್ತದೆ.

ಈ ಹೆಪ್ಪು ನಿಜಕ್ಕೂ ಏನು ಎಂಬುದರ ಹಿಂದೆ ಬಿದ್ದವರಲ್ಲಿ ಫಾಲ್ಕೋ ಮುಖ್ಯರು. 1961ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದು, ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಅವರು ಮಾಡಿದ ಉಪಾಯ ನನಗೆ ತುಂಬ ಇಷ್ಟ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎ ಇ. ಕೋಲೈಯದ್ದಕ್ಕಿಂತ ಹಗುರ. ನಿರೋಧಶಕ್ತಿಯನ್ನು ಅದಕ್ಕೆ ದಾಟಿಸಿ, ಅದರ ಡಿಎನ್‌ಎಯನ್ನು ಹಗುರ-ಭಾರ ಬೇರ್ಪಡಿಸುವ ಸೀಸಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣದಲ್ಲಿ ಗಿರಗಿರ ತಿರುಗಿಸಿದರೆ, ಪ್ರೋಟಿಯಸ್‌ನ ಸ್ವಂತ ಡಿಎನ್‌ಎ ಒಂದು ಮಟ್ಟದಲ್ಲಿ ನಿಂತಿತು, ಬಂದ ನೆಂಟ ಬೇರೆ ಮಟ್ಟದಲ್ಲಿ. ಅದೇ ಪ್ಲಾಸ್ಮಿಡ್, ತನ್ನ ಪಾಡಿಗೆ ತಾನು ನಕಲಾಗುವ ಪುಟ್ಟ ಡಿಎನ್‌ಎ ಬಳೆ.

ಅದಕ್ಕೂ ಮುಂಚಿನ ಒಂದು ಪ್ರಸಂಗವನ್ನು ಜಾಗವಿಲ್ಲದೆ ಲೇಖನದಿಂದ ತೆಗೆದಿದ್ದೆ. 1950ರ ದಶಕದಲ್ಲಿ ಫಾಲ್ಕೋ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದರು. ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುವ ಆಂಟಿಬಯೋಟಿಕ್‌ನಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವಲ್ಲ, ಅವನ್ನು ಮರಳಿಸೋಣವೆಂದು ರೋಗಿಗಳ ಮಲವನ್ನೇ ಮೊದಲೇ ಸಂಗ್ರಹಿಸಿ, ಕ್ಯಾಪ್ಸೂಲಿಗೆ ತುಂಬಿ, ಆಮೇಲೆ ಅವರಿಗೇ ಕೊಡಲಾಯಿತು. ಆಡಳಿತದವರ ಕಿವಿಗೆ ಬಿದ್ದದ್ದೇ ಫಾಲ್ಕೋ ಅವರ ಕೆಲಸ ಹೋಯಿತು. ಇಂದು ಮಲ ಕಸಿ ವೈದ್ಯಶಾಸ್ತ್ರ ಒಪ್ಪಿದ ಚಿಕಿತ್ಸೆ. ಸಿಯಾಟಲ್, ಸ್ಟ್ಯಾನ್‌ಫರ್ಡ್, 2008ರ ಲಾಸ್ಕರ್ ವೈದ್ಯಕೀಯ ಪ್ರಶಸ್ತಿ, 2018ರ ನಿಧನ, ಅವರ ಮುಂದಿನ ಬದುಕಿನ ಇದೆಲ್ಲವನ್ನೂ ಲೇಖನದಲ್ಲಿ ನೀವು ಓದಿದ್ದೀರಿ, ಮತ್ತೆ ಹೇಳುವುದಿಲ್ಲ.

ನಮಗೇನು ಸಂಬಂಧ ಎಂದಿರಿ. ನವದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ 2008ರಲ್ಲಿ ಕಂಡು, ಮರುವರ್ಷ ವರದಿಯಾದ ನಿರೋಧಕ ಜೀನ್ ಎನ್‌ಡಿಎಂ-1. ಹೆಸರಿನಲ್ಲೇ ನವದೆಹಲಿ ಇದೆ ಎಂದು ಆಗ ನಮ್ಮವರು ಸಿಟ್ಟಾದರು. ನನಗೆ ಹೆಸರಿಗಿಂತ ಕಾಡಿದ್ದು ಬೇರೆ: ಆ ರೋಗಿಯ ಮೂತ್ರದಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿದ್ದ ಜೀನ್, ಅವರದೇ ಮಲದ ಇ. ಕೋಲೈಯಲ್ಲೂ ಪ್ಲಾಸ್ಮಿಡ್ ಮೇಲೆ ಕೂತಿತ್ತು. ಹೆಪ್ಪು ಹಂಚಿಕೆ ಹೊಟ್ಟೆಯೊಳಗೇ ನಡೆದಿತ್ತು. ಇಂಥ ಬ್ಯಾಕ್ಟೀರಿಯಾ ನೀರಿನಲ್ಲೋ ಆಹಾರದಲ್ಲೋ ನಿಮ್ಮ ಹೊಟ್ಟೆ ಸೇರುವಾಗ, ನೀವು ಮಾತ್ರೆ ನುಂಗಿದ್ದಿರೋ ಇಲ್ಲವೋ ಎಂದು ಕೇಳುವುದಿಲ್ಲ. ನುಂಗದಿರುವುದು ಒಳ್ಳೆಯ ಅಭ್ಯಾಸವೇ, ಬಿಡಬೇಡಿ. ಅದನ್ನೇ ರಕ್ಷಾಕವಚವೆಂದು ಮಾತ್ರ ನಂಬಬೇಡಿ.

ಇನ್ನು ನಮ್ಮ ಕಡೆಯವರು. 1959ರಲ್ಲೇ ಕಲ್ಕತ್ತಾದ ವಿಜ್ಞಾನಿ ಶಂಭುನಾಥ ಡೇ ಕಾಲರಾ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಬರಿಯ ದ್ರವವನ್ನು ಮೊಲದ ಕರುಳಿಗೆ ಹಾಕಿ, ಭೇದಿಗೆ ಅದರ ವಿಷವೇ ಕಾರಣವೆಂದು ತೋರಿಸಿದರು. ಮುಂದೆ ಇ. ಕೋಲೈಯ ಭೇದಿ ವಿಷದ ಜೀನ್ ಹಿಡಿದ ಫಾಲ್ಕೋ ತಂಡಕ್ಕೆ ಅದು ಆ ಕಾಲರಾ ವಿಷದ ಹತ್ತಿರದ ನೆಂಟನೆಂದು ತಿಳಿಯಿತು. ಡೇ ಅವರ ಬಗ್ಗೆ ಲೇಖನ ಬರೆಸುತ್ತಿದ್ದೇನೆ. ಕಲ್ಕತ್ತಾ ನಮ್ಮ ಕಡೆಯಲ್ಲ ಎಂದು ಮತ್ತೆ ಕಾಗದ ಹಾಕಬೇಡಿ.