ಲೀಡ್ಸ್‌ ಚಳಿಗೆ ಯಾವ ಓವರ್‌ಕೋಟು?

ನವೆಂಬರ್‌ನಲ್ಲಿ ಕೆಲಸಕ್ಕೆ ಇಂಗ್ಲೆಂಡಿನ ಲೀಡ್ಸ್‌ಗೆ ಬರುತ್ತಿದ್ದೇನೆ, ಆಫೀಸಿಗೆ ಒಂದು ಒಳ್ಳೆಯ ಓವರ್‌ಕೋಟು ಬೇಕು, ಬೆಂಗಳೂರಿನಲ್ಲೇ ಹೊಲಿಸಿಕೊಂಡು ಬರಲಾ, ಇಲ್ಲ ಅಲ್ಲಿಗೆ ಬಂದು ದುಡ್ಡು ಕೂಡಿಸಿ ಬರ್ಬೆರಿ ಕಂಪನಿಯ ಕೋಟು ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಬೇಡ. ಬರುವಾಗ ಒಂದು ಜಾಕೆಟ್, ಒಂದು ದಪ್ಪ ಸ್ವೆಟರ್ ಇದ್ದರೆ ಮೊದಲ ಕೆಲವು ವಾರ ನಡೆಯುತ್ತದೆ. ಕೋಟನ್ನು ಇಲ್ಲಿಗೆ ಬಂದ ಮೇಲೆ ಕೈಯಲ್ಲಿ ಮುಟ್ಟಿ ನೋಡಿಯೇ ಕೊಳ್ಳಿ.

ನಮ್ಮ ಟೈಲರ್‌ಗಳ ಕೈ ತುಂಬಾ ಚೆನ್ನಾಗಿದೆ, ಆ ಬಗ್ಗೆ ನನಗೆ ಅನುಮಾನವಿಲ್ಲ. ತೊಂದರೆ ಬಟ್ಟೆಯದು. ನಮ್ಮೂರಲ್ಲಿ ಸೂಟಿಗೆ ಸಿಗುವ ಬಟ್ಟೆ ಮೀಟರಿಗೆ 250–300 ಗ್ರಾಂ ತೂಗುತ್ತದೆ. ಚಳಿಗಾಲದ ಓವರ್‌ಕೋಟಿಗೆ 500 ಗ್ರಾಂಗಿಂತ ಜಾಸ್ತಿಯದೇ ಬೇಕು. ಅಂಥ ಬಟ್ಟೆ ಬೆಂಗಳೂರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇಲ್ಲಿಯ ಚಳಿ ಹೇಗಿರುತ್ತದೆ ಅಂತ ಮೊದಲೇ ತಿಳಿದಿರಲಿ. ಜನವರಿಯಲ್ಲೂ ಹಗಲು 6–7 ಡಿಗ್ರಿ ಇರುತ್ತದೆ, ಹಿಮ ಬೀಳುವ ದಿನಗಳು ಕಡಿಮೆ. ಆದರೆ ಗಾಳಿ ಮತ್ತು ಜಿಟಿಜಿಟಿ ಮಳೆ ಒಟ್ಟೊಟ್ಟಿಗೇ ಬರುತ್ತವೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಫೀಸು ಬಿಟ್ಟು ಬಸ್ಸಿಗೆ ಕಾಯುವುದೆಲ್ಲ ಕತ್ತಲಲ್ಲೇ. ಈ ಹವೆಗೆ ಉಣ್ಣೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ನಮ್ಮ ಮಲೆನಾಡಿನಲ್ಲಿ ನಾಟಿ ಮಾಡುವಾಗ ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದರಲ್ಲ, ಅದೇ ಗುಣ. ನೆನೆದರೂ ಮೈ ಬೆಚ್ಚಗಿರುತ್ತದೆ. ಓವರ್‌ಕೋಟಿಗೆ ಬಳಸುವ ಮೆಲ್ಟನ್ ಬಟ್ಟೆಯನ್ನು ನೇಯ್ದ ಮೇಲೆ ನೀರಲ್ಲಿ ನೆನೆಸಿ, ಬಡಿದು ಕುಗ್ಗಿಸುತ್ತಾರೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಾಳಿ ನುಗ್ಗದಷ್ಟು ಗಟ್ಟಿಯಾಗುತ್ತದೆ.

ಇನ್ನು ಹೆಸರುಗಳ ವಿಷಯ. ಬರ್ಬೆರಿ ಶುರುವಾದದ್ದು 1856ರಲ್ಲಿ. ಅದರ ಟ್ರೆಂಚ್ ಕೋಟ್ ಎಂಬ ಮಳೆಕೋಟನ್ನು ಈಗಲೂ ಲೀಡ್ಸ್ ಪಕ್ಕದ ಕ್ಯಾಸಲ್‌ಫರ್ಡ್‌ನಲ್ಲಿ ಹೊಲಿಯುತ್ತಾರೆ, ಕೆಲಸ ಬಹಳ ಅಚ್ಚುಕಟ್ಟು. ಆದರೆ ಅದು ಗ್ಯಾಬರ್ಡೀನ್, ಅಂದರೆ ಒತ್ತಾಗಿ ನೇಯ್ದ ಹತ್ತಿ. ಅಕ್ಟೋಬರಿನ ಮಳೆಗೆ ಬಹಳ ಚೆನ್ನ, ಜನವರಿಯ ಬೆಳಗ್ಗೆಗೆ ಸಾಲದು. ಸಾವಿರದೈನೂರು ಪೌಂಡಿಗೂ ಜಾಸ್ತಿ ಕೊಟ್ಟು ಒಳಗೆ ನಡುಗುವುದು ಯಾಕೆ ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಕ್ರಾಂಬಿ. 1805ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನ್ ಬಳಿ ಉಣ್ಣೆ ಗಿರಣಿಯಾಗಿ ಶುರುವಾಯಿತು. ಮೊದಲು ಅವರು ಕೋಟು ಮಾರುತ್ತಿರಲಿಲ್ಲ, ಬಟ್ಟೆ ನೇಯುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಹಾಕುತ್ತಿದ್ದ ಬ್ರಿಟಿಷ್ ವಾರ್ಮ್ ಎಂಬ ಗಿಡ್ಡ ಕೋಟಿನ ಜೊತೆ ಈ ಹೆಸರು ಸೇರಿಕೊಂಡಿತು. ಅವರ ಗ್ರ್ಯಾಂಡ್‌ಹೋಮ್ ಗಿರಣಿ 1990ರಲ್ಲಿ ಮುಚ್ಚಿತು. ಕ್ರಾಂಬಿ ಅನ್ನುವ ಲೇಬಲ್ ಆಮೇಲೂ ಉಳಿದಿದೆ, ಆದರೆ ಆ ಬಟ್ಟೆ ನೇಯ್ದ ಮಗ್ಗಗಳಿಲ್ಲ. ಹಾಗಾಗಿ ಲೇಬಲ್ಲಿನ ಹೆಸರನ್ನಷ್ಟೇ ನೋಡಿ ದುಡ್ಡು ಕೊಡಬೇಡಿ. ಹಳೇ ಕ್ರಾಂಬಿ ಬಟ್ಟೆಯ ಕೋಟು ಎಲ್ಲಾದರೂ ಸೆಕೆಂಡ್‌ಹ್ಯಾಂಡ್‌ ಸಿಕ್ಕಿತೋ, ಬಿಡಬೇಡಿ. ನನ್ನದು ಹಾಗೆ ಸಿಕ್ಕಿದ್ದೇ.

ಹೌದು, ಸೆಕೆಂಡ್‌ಹ್ಯಾಂಡ್. ಮುಜುಗರ ಬೇಡ. ಇಲ್ಲಿ ಆಕ್ಸ್‌ಫ್ಯಾಮ್, ಬ್ರಿಟಿಷ್ ಹಾರ್ಟ್ ಫೌಂಡೇಶನ್‌ ಥರದ, ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಗಳಿಗೆ ಎಲ್ಲರೂ ಹೋಗುತ್ತಾರೆ. ಇದು ಉಣ್ಣೆಯ ಊರು. ಬರ್ಟನ್ ಕಂಪನಿಯ ಹಡ್ಸನ್ ರೋಡ್ ಕಾರ್ಖಾನೆಯೊಂದರಲ್ಲೇ ಒಂದು ಕಾಲಕ್ಕೆ 10,000 ಜನ ಗಂಡಸರ ಬಟ್ಟೆ ಹೊಲಿಯುತ್ತಿದ್ದರು. ಆ ಕಾಲದ ಕೋಟುಗಳು ಮನೆಮನೆಯ ಬೀರುವಿನಲ್ಲಿ ಇನ್ನೂ ಇವೆ, ಅಲ್ಲಿಂದ ಈ ಅಂಗಡಿಗಳಿಗೆ ಬರುತ್ತವೆ. ಐವತ್ತು ಪೌಂಡಿನೊಳಗೆ ಒಳ್ಳೆಯದು ಸಿಗುವುದುಂಟು. ಒಳಗಡೆ ಬಟ್ಟೆ ಗಿರಣಿಯ ಲೇಬಲ್ ಬೇರೆಯಾಗಿ ಇದೆಯಾ ನೋಡಿ. 1837ರಿಂದ ನಡೆಯುತ್ತಿರುವ ಏಬ್ರಹಾಂ ಮೂನ್ ಗಿರಣಿ ಲೀಡ್ಸ್‌ ಹತ್ತಿರದ ಗೈಸ್‌ಲಿಯಲ್ಲೇ ಇದೆ. ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆ ಬಟ್ಟೆಗೆ ಗೋಳದ ಮುದ್ರೆ ಇರುತ್ತದೆ. ಸ್ಕಾಟ್‌ಲೆಂಡಿನ ಹೊರ ದ್ವೀಪಗಳಲ್ಲಿ ಮನೆಯ ಮಗ್ಗದಲ್ಲೇ ನೇಯ್ದಿರಬೇಕು ಅಂತ 1993ರ ಕಾನೂನೇ ಇದೆ.

ಹೊಸದೇ ಬೇಕು ಅಂದರೆ ಲಂಡನ್ನಿನ ಪಿಕಡಿಲಿಯಲ್ಲಿರುವ ಕಾರ್ಡಿಂಗ್ಸ್ ಒಳ್ಳೆಯ ಅಂಗಡಿ, 1839ರದು. ಅವರ ಕವರ್ಟ್ ಕೋಟಿನ ತೋಳಿನ ತುದಿಗೆ, ಕೆಳಗಿನ ಅಂಚಿಗೆ ನಾಲ್ಕು ಸಾಲು ಹೊಲಿಗೆ ಇರುತ್ತದೆ. ಕುದುರೆ ಮೇಲೆ ಪೊದೆಗಳ ನಡುವೆ ಹೋಗುವವರಿಗಾಗಿ ಹುಟ್ಟಿದ ಗಟ್ಟಿಮುಟ್ಟು ಕೋಟು ಅದು. ಗ್ಲೋವರಾಲ್‌ನವರ ಡಫಲ್ ಕೋಟು ಕೂಡ ಬೆಚ್ಚಗಿರುತ್ತದೆ, ಆದರೆ ಕೋಟಿಗೇ ಹೊಲಿದ ಟೋಪಿ ಇರುವುದರಿಂದ ಅದು ರಜಾದಿನಕ್ಕೇ ಸರಿ.

ಕೊಳ್ಳುವಾಗ ನೋಡಬೇಕಾದದ್ದು ಇಷ್ಟು. ಉಣ್ಣೆ ಶೇಕಡ 80ಕ್ಕಿಂತ ಕಡಿಮೆ ಇರಬಾರದು. ಎದೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಬಿಡಿಯಾಗಿ ಇನ್ನೊಂದು ಪದರ ಸಿಕ್ಕರೆ ಅದು ಹೊಲಿದ ಕ್ಯಾನ್ವಾಸ್, ಅಂದರೆ ಕೋಟಿಗೆ ಆಕಾರ ಕೊಡುವ ಒಳಪದರ, ಅದೇ ಒಳ್ಳೆಯದು. ಎಲ್ಲ ಒಂದೇ ಹಲಗೆಯಂತೆ ಅಂಟಿಕೊಂಡಿದ್ದರೆ ಅದು ಗೋಂದಿನದು, ಡ್ರೈಕ್ಲೀನ್ ಮಾಡುತ್ತಾ ಹೋದರೆ ಗುಳ್ಳೆ ಏಳಬಹುದು. ಸೂಟಿನ ಕೋಟು ಹಾಕಿಕೊಂಡೇ ಹೋಗಿ, ಅದರ ಮೇಲೆ ಹಾಕಿ ನೋಡಿ. ತೋಳು ಉದ್ದವಿದ್ದರೆ ಮೋಟು ಮಾಡಿಸಬಹುದು. ಭುಜ ಸರಿಯಿಲ್ಲದಿದ್ದರೆ ಸುಮ್ನೆ ಕೆಳಗಿಟ್ಟು ಬನ್ನಿ. ನಮ್ಮಂಥ ಐದೂವರೆ ಅಡಿಯವರು ಎದೆಯಳತೆಯ ಪಕ್ಕ ‘ಎಸ್’ (ಶಾರ್ಟ್, ಅಂದರೆ ಗಿಡ್ಡ) ಇರುವುದನ್ನು ಕೇಳಬೇಕು, 38ಎಸ್, 40ಎಸ್ ಹೀಗೆ. ಇಲ್ಲದಿದ್ದರೆ ಮೊಣಕಾಲಿಗೆ ನಿಲ್ಲಬೇಕಾದ ಕೋಟು ಮೀನಖಂಡದವರೆಗೆ ಇಳಿಯುತ್ತದೆ. ಹೊಸ ಕೋಟಾದರೆ ತೋಳಿನ ಮೇಲಿನ ಲೇಬಲ್ಲನ್ನೂ, ಹಿಂದಿನ ಸೀಳಿನಲ್ಲಿ ಅಡ್ಡ ಹಾಕಿದ ದಾರವನ್ನೂ ಕತ್ತರಿಸಿಬಿಡಿ. ಅವು ಅಂಗಡಿಯವರೆಗೆ ಮಾತ್ರ.

ಮಳೆಯಲ್ಲಿ ನೆನೆದು ಬಂದರೆ ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ, ಹೀಟರ್‌ನಿಂದ ದೂರ ತೂಗುಹಾಕಿ. ಒಣಗಿದ ಮೇಲೆ ಬ್ರಶ್ ಮಾಡಿ. ಡ್ರೈಕ್ಲೀನ್ ಚಳಿಗಾಲ ಮುಗಿದ ಮೇಲೆ ಒಂದು ಸಲ ಸಾಕು. ಕೊಳೆಯಿದ್ದ ಉಣ್ಣೆಗೆ ನುಸಿ ಬೇಗ ಹಿಡಿಯುತ್ತದೆ, ಆದ್ದರಿಂದ ತೆಗೆದಿಡುವ ಮುಂಚೆ ಡ್ರೈಕ್ಲೀನ್ ತಪ್ಪಿಸಬೇಡಿ. ಕೋಟಿನಲ್ಲಿ ಉಳಿದ ದುಡ್ಡಿಗೆ ನೀರು ಹೀರದ ಬೂಟು, ಉಣ್ಣೆಯ ಮಫ್ಲರ್ ತಗೊಳ್ಳಿ. ಯಾವ ವಾರ ಬರುತ್ತೀರಿ ಅಂತ ಬರೆಯಿರಿ. ಶನಿವಾರ ಸಿಕ್ಕರೆ ನಾನೇ ಅಂಗಡಿಗಳಿಗೆ ಜೊತೆ ಬರುತ್ತೇನೆ.