ಪ್ರತಿಕ್ರಿಯೆ: ತೀರಿಕೊಂಡ ತಂದೆಯ ಬೆಳೆ ರಕ್ಷಣೆ ಬಂದೂಕು

ತಂದೆಯವರು ತೀರಿಕೊಂಡ ಮೇಲೆ ಅವರ ಬೆಳೆ ರಕ್ಷಣೆ ಬಂದೂಕು ಮನೆಯಲ್ಲೇ ಇದೆ, ಪೊಲೀಸ್ ಠಾಣೆಯವರು ಪದೇ ಪದೇ ಕರೆಯುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅವರು ಕರೆಯುವುದಕ್ಕೆ ಕಾರಣ ಇಷ್ಟೇ ಇರಬೇಕು: ಲೈಸೆನ್ಸ್ ನಿಮ್ಮ ತಂದೆಯವರ ಹೆಸರಿಗೆ ಮಾತ್ರ. ಅವರು ಹೋದ ಮೇಲೆ ಬಂದೂಕು ಮನೆಯಲ್ಲಿಡುವಂತಿಲ್ಲ. ಪಾವಗಡದ ಕಡೆ ಶೇಂಗಾ ಹೊಲಕ್ಕೆ ಹಂದಿ ನುಗ್ಗುವ ಸಂಕಟ ಗೊತ್ತು, ಆದರೂ ಅದನ್ನು ಹೊಲಕ್ಕೆ ಒಯ್ಯಲೇಬೇಡಿ.

ಮೊದಲು ಠಾಣೆಗೆ ಫೋನ್ ಮಾಡಿ ತಿಳಿಸಿ. ಆಮೇಲೆ ಉಳಿದ ಗುಂಡು, ಮೂಲ ಲೈಸೆನ್ಸ್ ಸಮೇತ ಅಲ್ಲೇ ಒಪ್ಪಿಸಿ ರಸೀದಿ ಪಡೆಯಿರಿ. ನಮ್ಮ ಮಾವನವರ ಬಂದೂಕು ಒಪ್ಪಿಸಿದಾಗ ರಸೀದಿಯಲ್ಲಿ ಬರೆದ ಬಂದೂಕಿನ ನಂಬರಿನಲ್ಲಿ 3ರ ಬದಲು 8 ಬಿದ್ದಿತ್ತು, ಎರಡು ತಿಂಗಳು ಅಲೆದೆ. ಅಲ್ಲೇ ನಿಂತು ಬಂದೂಕಿನ ಮೇಲಿನ ನಂಬರಿಗೆ ತಾಳೆ ನೋಡಿ.

ನಂತರ 2016ರ ಆಯುಧ ನಿಯಮಗಳಡಿ ವಾರಸುದಾರರಾಗಿ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ತುಮಕೂರಿನ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಮರಣ ಪ್ರಮಾಣಪತ್ರ, ಪಹಣಿ, ಒಡಹುಟ್ಟಿದವರ ಒಪ್ಪಿಗೆ ಪತ್ರ ಜೊತೆಗಿರಲಿ. ಸಿಕ್ಕೇ ಸಿಗುತ್ತದೆ ಎನ್ನಲಾರೆ, ಪೊಲೀಸ್ ವರದಿಯ ಮೇಲೆ ನಿಂತಿದೆ.